ಉಪ್ಪಿಗೆ ಒಂದು ಗಂಟು, ಸಕ್ಕರೆಗೆ ಎರಡು

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಒಂದು ಗುಂಡಿಯನ್ನೂ ಬಿಸಾಡದ ಹೆಂಡತಿ, ಒಂದು ಸೋಮವಾರ ಬೆಳಿಗ್ಗೆ ಎದ್ದು ನಾಲ್ಕು ಮೂಟೆ ಉಣ್ಣೆ ದಾರವನ್ನು ಗುಜರಿಯವನ ಗಾಡಿಗೆ ಹಾಕಿ ಕೈ ಝಾಡಿಸಿಕೊಂಡಳು ಎಂದರೆ ಯಾವ ಗಂಡನಿಗಾದರೂ ಅನುಮಾನ ಬರಬೇಕಾದ್ದೇ. ಆ ಗಂಡ ಮೂವತ್ತನಾಲ್ಕು ವರ್ಷ ಬಸ್ಸುಗಳನ್ನು ಹತ್ತಿ ಇಳಿದು ಟಿಕೆಟ್ ತಪಾಸಣೆ ಮಾಡಿದವನಾಗಿದ್ದರಂತೂ ಕೇಳುವುದೇ ಬೇಡ.

ಕಂಡಕ್ಟರುಗಳು ಅವರನ್ನು ಬೆನ್ನ ಹಿಂದೆ ಚೆಕಿಂಗ್ ಸಾಹೇಬರು ಎನ್ನುತ್ತಿದ್ದರು. ನಿವೃತ್ತಿಯಾಗಿ ಆರು ವರ್ಷವಾದರೂ ಹೆಸರು ಅಂಟಿಕೊಂಡೇ ಇತ್ತು. ಈಗ ಬೀದಿಯವರು ಮುಖಕ್ಕೇ ಹಾಗೆ ಕರೆಯುತ್ತಿದ್ದರು. ಸಾಹೇಬರಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಟಿಕೆಟ್ ಇಲ್ಲದವನನ್ನು ಹಿಡಿಯುವುದಕ್ಕೆ ಟಿಕೆಟ್ ಕೇಳಬೇಕಾಗಿಲ್ಲ, ಮುಖ ನೋಡಿದರೆ ಸಾಕು ಎಂಬುದು ಅವರ ಸಿದ್ಧಾಂತ. ಟಿಕೆಟ್ ಇದ್ದವನು ಜೇಬು ತಡಕುತ್ತಾನೆ, ಗೊಣಗುತ್ತಾನೆ, ಕಣ್ಣಲ್ಲಿ ಕಣ್ಣಿಟ್ಟು ಏನ್ರೀ ನಿಮ್ಮ ಕಾಟ ಎನ್ನುತ್ತಾನೆ. ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ. ಎದುರಿಗೇ ಹೋಗಿ ನಿಂತರೂ ಅವನ ದೃಷ್ಟಿ ನಿಮ್ಮ ಕಿವಿಯ ಪಕ್ಕ ಎಲ್ಲೋ ಇರುತ್ತದೆ. ಈ ಒಂದೇ ಸೂತ್ರ ಇಟ್ಟುಕೊಂಡು ಅವರು ಸಾವಿರಾರು ಜನರನ್ನು ಹಿಡಿದಿದ್ದರು. ಸೂತ್ರ ತಪ್ಪಿದ್ದು ಎಷ್ಟು ಸಲ ಎಂದು ಮಾತ್ರ ಯಾರ ಮುಂದೆಯೂ ಬಾಯಿ ಬಿಟ್ಟವರಲ್ಲ.

ಈಗ ಎರಡು ತಿಂಗಳಿಂದ ಅವರ ಹೆಂಡತಿ ಮಾತಾಡುವಾಗ ಅವರ ಕಿವಿಯ ಪಕ್ಕ ನೋಡುತ್ತಿದ್ದಳು.

ಆ ಮನೆಗೆ ಮೂರು ಕೋಣೆ, ಒಂದು ಅಡುಗೆಮನೆ, ನಡುವೆ ಉದ್ದನೆಯ ಒಂದು ಪ್ಯಾಸೇಜು. ಹೇಳುವುದಕ್ಕೆ ಮೂರು ಕೋಣೆ. ಇಬ್ಬರಿಗೆ ದಕ್ಕಿದ್ದು ಒಂದೂವರೆ. ಮಕ್ಕಳಾಗಲಿಲ್ಲ. ಮಕ್ಕಳಿಗೆಂದು ಬಿಟ್ಟ ಹಿಂದಿನ ಕೋಣೆಗೆ ಮೊದಲು ಒಂದು ಹೊಲಿಗೆ ಮಿಷನ್ ಬಂತು. ಆಮೇಲೆ ಬೇರೆಯವರ ಮಕ್ಕಳ ಟೋಪಿ, ಸ್ವೆಟರುಗಳಿಗೆಂದು ದಾರ ಬಂತು, ದಾರದ ಹಿಂದೆ ಲೇಸು, ಲೇಸಿನ ಹಿಂದೆ ಮಣಿ, ಮಣಿಯ ಹಿಂದೆ ಕಸೂತಿಯ ರಿಂಗುಗಳು, ಬಿಸ್ಕತ್ತಿನ ಡಬ್ಬಿಗಳ ತುಂಬ ಗುಂಡಿಗಳು. ಸತ್ತವರ ಅಂಗಿಯ ಗುಂಡಿಯನ್ನೂ ಅವಳು ಬಿಟ್ಟವಳಲ್ಲ. ಕೋಣೆ ತುಂಬಿ ಪ್ಯಾಸೇಜಿಗೆ ಬಂತು, ಪ್ಯಾಸೇಜಿನಿಂದ ಮಂಚದ ಅಡಿಗೆ ಬಂತು. ಎಷ್ಟೋ ವರ್ಷ ಸಾಹೇಬರು ರಾತ್ರಿ ಕಾಲು ಚಾಚಿದರೆ ಹೆಬ್ಬೆರಳಿಗೆ ಉಣ್ಣೆಯ ಉಂಡೆ ತಗಲುತ್ತಿತ್ತು.

ಅದಕ್ಕಾಗಿ ಅವರು ಕೂಗಾಡದ ವರ್ಷವಿಲ್ಲ. ಒಮ್ಮೆ ಡ್ಯೂಟಿಯಿಂದ ಬಂದು ಪ್ಯಾಸೇಜಿನಲ್ಲಿ ಎಡವಿ, "ಈ ಮನೇಲಿ ಇರೋದು ಒಂದೋ ನೀನು, ಇಲ್ಲ ಈ ಕಸ" ಎಂದಿದ್ದರು. ಅವಳು ನೆಲಕ್ಕೆ ಬಿದ್ದ ಗುಂಡಿಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದ್ದಳು. ಇಪ್ಪತ್ತು ವರ್ಷದ ಹಿಂದಿನ ಆ ಮಾತು ಈಗ ಯಾಕೋ ದಿನಾ ನೆನಪಿಗೆ ಬರುತ್ತಿತ್ತು.

ಗುಜರಿಯವನು ಮೂಟೆ ಕಟ್ಟುವಾಗ ಸಾಹೇಬರು ಬಾಗಿಲಲ್ಲಿ ನಿಂತಿದ್ದರು.

"ಏನಿದು ಇದ್ದಕ್ಕಿದ್ದ ಹಾಗೆ?"

"ಸಾಕಾಯ್ತು ರೀ. ಮನೆ ಅಂದ್ಮೇಲೆ ಓಡಾಡೋಕೆ ಜಾಗ ಬೇಡ್ವಾ?" ಅವಳು ಬಾಗಿಲ ಚೌಕಟ್ಟನ್ನು ನೋಡಿಕೊಂಡು ಹೇಳಿದಳು.

"ಇಷ್ಟು ವರ್ಷ ಬೇಡವಾಗಿತ್ತು."

"ಈಗ ಬೇಕು."

ಗುಜರಿಯವನು ನಕ್ಕ. "ಬಿಡಿ ಸಾಹೇಬರೇ, ಎಲ್ಲರ ಮನೇಲೂ ಗಂಡಸರು ಖಾಲಿ ಮಾಡು ಅಂತ ಬಡ್ಕೋತಾರೆ, ಹೆಂಗಸರು ಬಿಡಲ್ಲ. ನಿಮ್ಮನೇಲಿ ಉಲ್ಟಾ." ಸಾಹೇಬರು ಅವನನ್ನು ದುರುಗುಟ್ಟಿಕೊಂಡು ನೋಡಿದರು. ಅವನ ಮೇಲೂ ಸಣ್ಣದೊಂದು ಅನುಮಾನ ಬಂದಿತ್ತು, ಆದರೆ ಏನೆಂದು ಅವರಿಗೇ ಹೊಳೆಯಲಿಲ್ಲ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಒಂದು ವಾರ ಬಟ್ಟೆಯ ತುಂಡುಗಳು ಹೋದವು, ಮುಂದಿನ ವಾರ ಮರದ ಚೌಕಟ್ಟುಗಳು. ಹೊಲಿಗೆ ಮಿಷನ್ನನ್ನು ಸಾಹೇಬರ ತಂಗಿ ಒಂದು ಮಧ್ಯಾಹ್ನ ಬಂದು ಆಟೋದಲ್ಲಿ ಹಾಕಿಕೊಂಡು ಹೋದಳು. ಅಣ್ಣನನ್ನು ಒಂದು ಮಾತು ಕೇಳಲಿಲ್ಲ, ಅತ್ತಿಗೆಯ ಕೈಯನ್ನು ಮಾತ್ರ ತುಂಬ ಹೊತ್ತು ಹಿಡಿದುಕೊಂಡಿದ್ದಳು. ಪ್ಯಾಸೇಜಿನ ಚಾಪೆ ಸುತ್ತಿ ಅಟ್ಟಕ್ಕೇರಿತು. ಸಾಹೇಬರ ಕುರ್ಚಿ, ಹದಿನೈದು ವರ್ಷ ಕೋಣೆಯ ನಟ್ಟನಡುವೆ ರಾಜಗಾಂಭೀರ್ಯದಿಂದ ಕೂತಿದ್ದ ಕುರ್ಚಿ, ಗೋಡೆಗೆ ಒತ್ತಿಕೊಂಡಿತು. ಮಲಗುವ ಕೋಣೆಯಿಂದ ಬೀದಿ ಬಾಗಿಲವರೆಗೆ ಈಗ ನೇರ ದಾರಿ, ಅಡ್ಡ ಒಂದು ಸ್ಟೂಲು ಕೂಡ ಇಲ್ಲ. ಸಾಹೇಬರು ಆ ದಾರಿಯ ತುದಿಯಲ್ಲಿ ನಿಂತು ನೋಡಿದರು. ದೊಡ್ಡ ಪೆಟ್ಟಿಗೆಯೊಂದನ್ನು ಎತ್ತಿಕೊಂಡು ಎಲ್ಲೂ ತಗಲದ ಹಾಗೆ ಹೊರಗೆ ಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇರಲಾರದು ಎನ್ನಿಸಿತು.

ಆಮೇಲೆ ಕಣ್ಣಿಗೆ ಬಿದ್ದದ್ದು ಗುಂಡಿಗಳು.

ಮೊದಲು ಸಿಕ್ಕಿದ್ದು ಅವಳ ನೀಲಿ ಉಡುಪಿನ ಒಳಮಡಿಕೆಯಲ್ಲಿ. ಹೊರಗೆ ಕಾಣದ ಜಾಗದಲ್ಲಿ, ಯಾವ ಕೆಲಸಕ್ಕೂ ಬಾರದ ಒಂದು ಗುಂಡಿ. ಹಸಿರಿನ ಒಳಗೆ ಎರಡು. ಬಿಳಿಯದಕ್ಕೆ ಚೌಕನೆಯದೊಂದು. ಸಾಹೇಬರ ಕಿವಿ ನೆಟ್ಟಗಾಯಿತು. ಅವಳು ಸ್ನಾನಕ್ಕೆ ಹೋದಾಗ ಬೀರು ಪೂರ್ತಿ ತೆಗೆದು ನೋಡಿದರು. ಅವಳ ಒಂದೊಂದು ಬಟ್ಟೆಗೂ ಒಂದೊಂದು ಗುರುತು. ಅಡುಗೆಮನೆಗೆ ಹೋದರೆ ಅಲ್ಲೂ ಅದೇ: ಉಪ್ಪಿನ ಡಬ್ಬಿಯ ಕುತ್ತಿಗೆಗೆ ಒಂದು ದಾರ, ದಾರಕ್ಕೆ ಒಂದು ಗಂಟು, ಸಕ್ಕರೆಗೆ ಎರಡು, ಚಹಾಪುಡಿಗೆ ಒಂದು ಮಣಿ. ಔಷಧಿಯ ಶೀಶೆಗಳಿಗೂ ಮಣಿ. ಉಳಿಸಿಕೊಂಡಿದ್ದ ಮೂರೇ ಮೂರು ದಾರದ ಡಬ್ಬಿಗಳ ಮುಚ್ಚಳಕ್ಕೂ ಗುಂಡಿ.

ಸಾಹೇಬರು ಡ್ಯೂಟಿಯ ಕಾಲದ ಹಳೆಯ ನೋಟ್‌ಬುಕ್ ತೆಗೆದರು. ಬಸ್ಸಿನ ಸಂಖ್ಯೆ ಬರೆಯುತ್ತಿದ್ದ ಕಾಲಮ್ಮಿನಲ್ಲಿ 'ಉಪ್ಪು — ಒಂದು ಗಂಟು, ಸಕ್ಕರೆ — ಎರಡು' ಎಂದು ಅಚ್ಚುಕಟ್ಟಾಗಿ ಬರೆದುಕೊಂಡರು. ಬರೆದ ಮೇಲೆ ತಮ್ಮ ಅಂಗಿಗಳನ್ನು ಒಂದೊಂದಾಗಿ ಮಗುಚಿ ನೋಡಿದರು. ಒಂದರಲ್ಲೂ ಗುರುತಿಲ್ಲ. ತಮ್ಮ ಟವೆಲ್ಲು, ತಮ್ಮ ಕೊಡೆ, ಕ್ಷೌರದ ಡಬ್ಬಿ, ಊಹೂಂ, ಯಾವುದಕ್ಕೂ ಇಲ್ಲ.

ಅಲ್ಲಿಗೆ ಲೆಕ್ಕ ಸರಿಹೋಯಿತು. ಅವಳು ತನ್ನದನ್ನು ಗುರುತು ಮಾಡಿಕೊಳ್ಳುತ್ತಿದ್ದಾಳೆ. ನಾಳೆ ಹೊರಡುವಾಗ ಇದು ನನ್ನದು, ಅದು ನಿಮ್ಮದು ಎಂದು ಕಿತ್ತಾಟವಾಗದ ಹಾಗೆ. ಉಪ್ಪು ಸಕ್ಕರೆಯನ್ನೂ ಒಯ್ಯುತ್ತಾಳಲ್ಲ ಎಂದು ಸಾಹೇಬರಿಗೆ ಒಂದು ಗಳಿಗೆ ಸಿಟ್ಟು ಬಂತು. ಹೆಂಡತಿ ತಮ್ಮನ್ನು ಬಿಟ್ಟು ಹೋಗುತ್ತಿದ್ದಾಳೆ ಎಂಬ ಯೋಚನೆ ಇಷ್ಟು ದಿನ ಬಾಗಿಲ ಹೊರಗೆ ನಿಂತಿದ್ದದ್ದು, ಆವತ್ತು ಒಳಗೆ ಬಂದು ಕೂತೇಬಿಟ್ಟಿತು. ಅರವತ್ತಾರನೆಯ ವಯಸ್ಸಿನಲ್ಲಿ, ಚಹಾ ಮಾಡುವುದಕ್ಕೆ ನೀರೆಷ್ಟು ಹಾಕಬೇಕೆಂದು ಗೊತ್ತಿಲ್ಲದ ಮನುಷ್ಯ, ತೆರೆದ ಬೀರುವಿನ ಮುಂದೆ ಅವಳ ನೀಲಿ ಉಡುಪನ್ನು ಹಿಡಿದುಕೊಂಡು ಸುಮ್ಮನೆ ನಿಂತರು.

ನೆಟ್ಟಗೆ ಕೇಳಿಬಿಡಬಹುದಿತ್ತು. ಆದರೆ ಚೆಕಿಂಗ್‌ನವರು ಹಾಗೆ ಕೇಳುವವರಲ್ಲ. ಮೊದಲು ಸಾಕ್ಷಿ, ಆಮೇಲೆ ಪ್ರಶ್ನೆ. ತಂಗಿಗೆ ಫೋನ್ ಮಾಡಿದರು.

"ನಿಮ್ಮತ್ತಿಗೆ ಏನಾದ್ರೂ ಹೇಳಿದ್ಲಾ ನಿನಗೆ?"

"ಏನು ಹೇಳ್ಬೇಕಣ್ಣ?"

"ಏನೋ ಒಂದು. ಮನೆ ಎಲ್ಲ ಖಾಲಿ ಮಾಡ್ತಿದ್ದಾಳೆ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಬಸ್ಸಿನಲ್ಲಿ ಇಷ್ಟು ಹೊತ್ತು ಸುಮ್ಮನಿದ್ದವರನ್ನು ಸಾಹೇಬರು ಬಿಟ್ಟದ್ದೇ ಇಲ್ಲ. "ಅತ್ತಿಗೇನೇ ಹೇಳ್ತಾರೆ ಬಿಡು," ಎಂದಳು ತಂಗಿ ಕೊನೆಗೆ. "ಅದಿರ್ಲಿ, ಗುರುವಾರ ಗುರುವಾರ ನೀನೂ ಮನೇಲಿ ಇರಲ್ವಂತೆ. ನಿನ್ನ ಸವಾರಿ ಎಲ್ಲಿಗೆ?"

ಸಾಹೇಬರು ನಾಲಿಗೆ ಕಚ್ಚಿಕೊಂಡು ಫೋನ್ ಇಟ್ಟರು. ಗುರುವಾರದ ವಿಷಯ ಇವಳಿಗೆ ಹೇಗೆ ಗೊತ್ತಾಯಿತು ಎಂದು ತಲೆಗೆ ಇನ್ನೊಂದು ಹುಳ ಹೊಕ್ಕಿತು.

ಗುರುವಾರದ ಸಂಗತಿ ಏನೆಂದರೆ, ಪ್ರತಿ ಗುರುವಾರ ಹನ್ನೊಂದು ಗಂಟೆಗೆ ಹೆಂಡತಿ ಹೊರಗೆ ಹೋಗುತ್ತಿದ್ದಳು. ಮೊದಮೊದಲು ತಂಗಿಯ ಜೊತೆ, ಆಮೇಲೆ ಒಬ್ಬಳೇ. "ಒಂಚೂರು ಕೆಲಸ ಇದೆ" ಎನ್ನುವಳು, ಕಿವಿಯ ಪಕ್ಕ ನೋಡಿಕೊಂಡು. ಒಬ್ಬಳೇ ಹೋಗುವುದಕ್ಕೆ ಶುರುಮಾಡಿದ ಮೊದಲ ವಾರದಿಂದಲೇ ಸಾಹೇಬರು ಹಿಂದೆ ಬಿದ್ದಿದ್ದರು. ಮಫ್ತಿಯಲ್ಲಿ ಹೋಗಿ ಎಂಥೆಂಥವರನ್ನು ಹಿಡಿದವರಿಗೆ ಇದೇನು ದೊಡ್ಡದು. ತಲೆಗೆ ಟೋಪಿ, ಕೈಯಲ್ಲಿ ಮಡಚಿದ ಪೇಪರು, ಇಪ್ಪತ್ತು ಹೆಜ್ಜೆಯ ಅಂತರ. ಒಂದೇ ತೊಂದರೆ ಎಡಗಾಲಿನ ಚಪ್ಪಲಿ. ಓಲಾಡುವ ಬಸ್ಸುಗಳಲ್ಲಿ ವರ್ಷಗಟ್ಟಲೆ ನಿಂತು ನಿಂತು ಆ ಕಾಲು ಸ್ವಲ್ಪ ಎಳೆಯುತ್ತಿತ್ತು. ಚಪ್ಪಲಿಯ ಅಟ್ಟೆ ಬೇರೆ ಬಿಟ್ಟುಕೊಂಡು, ಹೆಜ್ಜೆ ಹೆಜ್ಜೆಗೂ ಸರ್ರ್‌-ಟಪ್, ಸರ್ರ್‌-ಟಪ್ ಎನ್ನುತ್ತಿತ್ತು. ಹೊಲಿಸಬೇಕು ಹೊಲಿಸಬೇಕು ಎಂದುಕೊಂಡೇ ವಾರಗಳು ಕಳೆದಿದ್ದವು.

ಅವಳು ನಡೆಯುವ ರೀತಿಯೇ ಅನುಮಾನಕ್ಕೆ ಎಡೆಮಾಡುವಂತಿತ್ತು. ಗೋಡೆಯ ಬದಿ ಹಿಡಿದು, ಆ ಕಡೆ ಈ ಕಡೆ ನೋಡದೆ ಹೋಗುವಳು. ದೊಡ್ಡ ರಸ್ತೆಯ ಅಂಚಿಗೆ ಬಂದಾಗ ನಿಲ್ಲುವಳು. ತಲೆಯನ್ನು ಒಂದು ಬದಿಗೆ ವಾಲಿಸಿ, ಯಾರಾದರೂ ಹಿಂಬಾಲಿಸುತ್ತಿದ್ದಾರೋ ಎಂದು ಪರೀಕ್ಷಿಸುವವಳ ಹಾಗೆ ಒಂದು ಗಳಿಗೆ ಕಾಯುವಳು. ಸಾಹೇಬರು ಪೇಪರು ಮುಖಕ್ಕೆ ಹಿಡಿಯುವರು. ಆಮೇಲೆ ಅವಳು ದಾಟುವಳು. ಮೂರನೆಯ ಗುರುವಾರ ಸಾಹೇಬರನ್ನು ದಾರಿಯಲ್ಲಿ ಹಳೆಯ ಕಂಡಕ್ಟರೊಬ್ಬ ತಡೆದು ಪಿಂಚಣಿಯ ಗೋಳು ತೋಡಿಕೊಂಡ. ಐದು ನಿಮಿಷ ಬಿಟ್ಟು ಓಡೋಡಿ ಬಂದರೆ ಅವಳಿನ್ನೂ ರಸ್ತೆಯ ಅಂಚಿನಲ್ಲೇ ನಿಂತಿದ್ದಳು. ವಾಹನಗಳೇನೂ ಹೆಚ್ಚಿರಲಿಲ್ಲ, ಆದರೂ ನಿಂತಿದ್ದಳು. ಸಾಹೇಬರು ಹತ್ತಿರ ಬರುತ್ತಿದ್ದಂತೆ ದಾಟಿದಳು. 'ಯಾರಿಗೋ ಕಾಯುತ್ತಿದ್ದಳು' ಎಂದು ನೋಟ್‌ಬುಕ್ಕಿನಲ್ಲಿ ಬರೆದು, ಆ ಸಾಲಿನ ಕೆಳಗೆ ಎರಡು ಗೆರೆ ಎಳೆದರು.

ರಸ್ತೆಯ ಆಚೆ, ಜೆರಾಕ್ಸ್ ಅಂಗಡಿಯ ಪಕ್ಕ ಒಂದು ಕಿರಿದಾದ ಮೆಟ್ಟಿಲು. ಬೋರ್ಡು ಗೀರ್ಡು ಏನೂ ಇಲ್ಲ. ಅವಳು ಅದನ್ನು ಹತ್ತಿ ಹೋದರೆ ಇಳಿಯುವುದು ಮಧ್ಯಾಹ್ನ ಒಂದೂವರೆಗೆ. ಇಳಿಯುವಾಗ ಜೊತೆಗೊಬ್ಬ ಗಂಡಸು. ಐವತ್ತರ ಆಸುಪಾಸು, ಕತ್ತರಿಸಿದ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಅವಳ ಮೊಣಕೈಗೆ ಅವನ ಕೈ. ಇಬ್ಬರ ತುಟಿಯೂ ಒಟ್ಟಿಗೆ ಅಲ್ಲಾಡುತ್ತಿತ್ತು, ಹಾಡು ಹೇಳಿಕೊಂಡು ಇಳಿಯುವವರ ಹಾಗೆ. ಕೊನೆಯ ಮೆಟ್ಟಿಲಿಗೆ ಬಂದಾಗ ಅವಳು ನಕ್ಕಳು. ಆ ನಗು ಸಾಹೇಬರಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಸೈಕಲ್ ಕಲಿತು, ಬೀಳದೆ ಒಂದು ಸುತ್ತು ಬಂದಾಗ ನಕ್ಕಿದ್ದಳು ಹಾಗೆ. ಜೆರಾಕ್ಸ್ ಅಂಗಡಿಯ ಎದುರಿನ ಕಂಬದ ಮರೆಯಲ್ಲಿ ನಿಂತು ಸಾಹೇಬರು ಕೈಯಲ್ಲಿದ್ದ ಪೇಪರನ್ನು ಸುರುಳಿ ಸುತ್ತಿ ಹಿಂಡಿದರು. ಈ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಪಡುವುದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯಾದರೇನು, ಹೊಟ್ಟೆಕಿಚ್ಚು ಹೋಗಲಿಲ್ಲ.

ಮುಂದಿನ ಬುಧವಾರ ಸಂಜೆ ಬೀದಿ ಬಾಗಿಲ ಬಳಿ ಮೂರು ಚೀಲಗಳು ಸಾಲಾಗಿ ನಿಂತಿದ್ದವು.

"ಇದೇನು?"

"ನಿಮ್ಮ ತಂಗಿಗೆ. ನಾಡಿದ್ದು ಬಂದು ಒಯ್ತಾಳೆ. ಮುಟ್ಟಬೇಡಿ, ಇಟ್ಟಲ್ಲೇ ಇರ್ಲಿ."

ಮುಟ್ಟಬೇಡಿ ಎಂದರೆ ಮುಟ್ಟದೆ ಬಿಡುವವರೇ ಚೆಕಿಂಗ್ ಸಾಹೇಬರು? ಗುರುವಾರ ಅವಳು ಅತ್ತ ಹೊರಟ ಕೂಡಲೇ ಇವರು ಚೀಲದ ಬಾಯಿ ಬಿಚ್ಚಿದರು. ಟೋಪಿ ಆಗಲೇ ತಲೆಯ ಮೇಲಿತ್ತು, ಹಿಂದೆ ಹೋಗಬೇಕಿತ್ತು, ಆದರೆ ಮೊದಲು ಇದೊಂದನ್ನು ನೋಡಿಬಿಡೋಣ, ಆಮೇಲೆ ಓಡಿ ಹಿಡಿದರಾಯಿತು ಎಂದುಕೊಂಡರು. ಎರಡು ಚೀಲಗಳಲ್ಲಿ ದಾರ, ಕಡ್ಡಿಗಳು. ಮೂರನೆಯದರ ಮೇಲ್ಗಡೆಯೇ ಕಂದು ಬಣ್ಣದ ಒಂದು ಸ್ವೆಟರ್.

ಅದು ಅವರದು. ಅವರಿಗೆಂದು ಅವಳು ಹೆಣೆಯಲು ಕೂತು ಹನ್ನೆರಡು ವರ್ಷವಾಗಿತ್ತು. ಎದೆಯ ಮೇಲೆ ಜಡೆಯ ಹಾಗೆ ಹೆಣೆದುಕೊಂಡ ಕಷ್ಟದ ವಿನ್ಯಾಸ. ಬೇರೆಯವರ ಕೆಲಸ ಬಂದಾಗಲೆಲ್ಲ ಬದಿಗೆ ಹೋಗಿ, ಒಂದು ತೋಳು ಅರ್ಧಕ್ಕೇ ನಿಂತಿತ್ತು. "ಬರೋ ಚಳಿಗಾಲಕ್ಕೆ" ಎಂಬುದು ಆ ಮನೆಯ ಒಂದು ತಮಾಷೆಯೇ ಆಗಿಹೋಗಿತ್ತು. ಅದನ್ನೂ ಕೊಟ್ಟುಬಿಡುತ್ತಿದ್ದಾಳೆ. ಅವರ ಅಳತೆಯ, ಅವರ ಬಣ್ಣದ, ಅವರಿಗಾಗಿ ಶುರುಮಾಡಿದ ಏಕೈಕ ವಸ್ತು, ಯಾರಿಗೋ.

ಸಾಹೇಬರಿಗೆ ಹಿಂದೆ ಹೋಗುವ ಯೋಚನೆ ಸತ್ತೇಹೋಯಿತು. ಇನ್ನೇನು ಹಿಂಬಾಲಿಸುವುದು, ಸಾಕ್ಷಿ ಕೈಯಲ್ಲೇ ಇದೆ. ಬಸ್ಸಿನಲ್ಲಿ ಅವರದೊಂದು ಪದ್ಧತಿಯಿತ್ತು. ಹಳೆಯ ಟಿಕೆಟ್ಟನ್ನು ತೋರಿಸಿ ಮೋಸ ಮಾಡುವವನ ಹತ್ತಿರ ವಾದ ಮಾಡುತ್ತಿರಲಿಲ್ಲ. ಆ ಟಿಕೆಟ್ಟನ್ನು ಅವನ ಮಡಿಲ ಮೇಲೆ ಇಟ್ಟು, ಎದುರು ಸೀಟಿನಲ್ಲಿ ಕೂತು ಸುಮ್ಮನೆ ನೋಡುವರು. ಎರಡು ಸ್ಟಾಪು ಕಳೆಯುವುದರೊಳಗೆ ಅವನು ತಾನೇ ಎಲ್ಲ ಕಕ್ಕುತ್ತಿದ್ದ. ಇವತ್ತೂ ಹಾಗೇ ಮಾಡುವುದೆಂದು ನಿಶ್ಚಯಿಸಿದರು. ಚೀಲವನ್ನು ಎಳೆದುಕೊಂಡು ಬಂದು ಪ್ಯಾಸೇಜಿನ ನಟ್ಟನಡುವೆ ಇಟ್ಟರು. ಸ್ವೆಟರನ್ನು ಅದರ ಮೇಲೆ ಎದೆ ಮೇಲಾಗಿ ಹರಡಿದರು. ಗೋಡೆಗೆ ಒತ್ತಿದ್ದ ಕುರ್ಚಿಯನ್ನು ಎಳೆದು ಪ್ಯಾಸೇಜಿನ ತುದಿಯಲ್ಲಿ ಹಾಕಿಕೊಂಡು ಕೂತರು. ಅವಳು ಒಳಗೆ ಬರುತ್ತಾಳೆ, ನೋಡುತ್ತಾಳೆ, ಮುಖದ ಬಣ್ಣ ಬದಲಾಗುತ್ತದೆ. ತಾವು ಒಂದು ಮಾತೂ ಆಡಬಾರದು.

ಒಂದೂವರೆ ದಾಟಿದ ಮೇಲೆ ಬರಬೇಕಾದವಳು ಹನ್ನೆರಡು ಹೊಡೆಯುವ ಮೊದಲೇ ಬಂದಳು.

ಬೀಗದ ಸದ್ದಾಯಿತು. ಬಾಗಿಲು ತೆರೆಯಿತು. ಬಿಸಿಲಿಗೆ ಬೆನ್ನು ಮಾಡಿ ಅವಳು ಒಳಗೆ ಕಾಲಿಟ್ಟಳು, ಚಪ್ಪಲಿ ಬಿಟ್ಟಳು, ಬಾಗಿಲು ಹಾಕಿದಳು. ಅವಳು ತಲೆಯೆತ್ತಿ ನೇರವಾಗಿ ಅವರ ಕಡೆಗೇ ನೋಡುತ್ತ, ಎಂದಿನ ಹಾಗೆ ಚುರುಕಾಗಿ ನಡೆದು ಬಂದಳು. ಚೀಲ ಐದು ಹೆಜ್ಜೆ ದೂರವಿತ್ತು, ಮೂರು ಹೆಜ್ಜೆ, ಒಂದು. ಅವಳು ನಿಲ್ಲಲಿಲ್ಲ.

ಹಾಡಹಗಲಲ್ಲಿ, ಕಣ್ಣೆದುರಿಗಿದ್ದ ಮೊಣಕಾಲೆತ್ತರದ ಚೀಲಕ್ಕೆ ಎಡವಿ ಅವಳು ಬಿದ್ದಳು. ಕೈ ಊರಿದ್ದರಿಂದ ಮುಖ ಉಳಿಯಿತು.

ಸಾಹೇಬರು ಕುರ್ಚಿಯನ್ನೇ ಕೆಡವಿಕೊಂಡು ಓಡಿದರು. "ನೋಡ್ಕೊಂಡು ಬರಬಾರ್ದಾ? ಅಷ್ಟು ದೊಡ್ಡ ಚೀಲ ಕಾಣಲ್ವಾ?" ಎನ್ನುತ್ತಲೇ ಎತ್ತಿ ಕೂರಿಸಿದರು. ಅಂಗೈ ತರಚಿ ರಕ್ತ ಬಂದಿತ್ತು. ಅವಳು ಇನ್ನೊಂದು ಕೈಯಿಂದ ನೆಲ ತಡವಿದಳು, ಚೀಲ ತಡವಿದಳು, ಬೆರಳಿಗೆ ಸ್ವೆಟರ್ ಸಿಕ್ಕಿತು. ಜಡೆಯ ವಿನ್ಯಾಸದ ಮೇಲೆ ಬೆರಳು ಮೇಲಿನಿಂದ ಕೆಳಗೆ ಒಮ್ಮೆ ಓಡಿತು.

"ಇದು ಇಲ್ಲಿಗೆ ಹೇಗೆ ಬಂತು?" ಎಂದಳು.

"ನಾನೇ ಇಟ್ಟೆ." ಮಾತಾಡಬಾರದೆಂಬ ಪದ್ಧತಿ ಎಲ್ಲಿ ಹೋಯಿತೋ. "ನನ್ನ ಸ್ವೆಟರ್ ಯಾಕೆ ಕೊಡ್ತಿದ್ದೀಯ? ಆ ಗಡ್ಡದವನು ಯಾರು? ಎಲ್ಲ ಗೊತ್ತು ನನಗೆ. ಹೋಗೋದಿದ್ರೆ ಹೇಳಿ ಹೋಗು, ಹೀಗೆ ಕದ್ದುಮುಚ್ಚಿ ಬೇಡ. ಗೋಡೆ ನೋಡಬೇಡ. ನನ್ನ ಮುಖ ನೋಡಿ ಮಾತಾಡು."

ಅವಳು ಗೋಡೆಯನ್ನೇ ನೋಡುತ್ತಿದ್ದಳು.

"ನಿಮ್ಮ ಮುಖ ನೋಡೋಕೇ ಗೋಡೆ ನೋಡ್ತಿರೋದು," ಎಂದಳು. "ನೇರ ನೋಡಿದ್ರೆ ನೀವು ಇರಲ್ಲ. ನಿಮ್ಮ ಜಾಗದಲ್ಲಿ ಬೂದಿ ಬಣ್ಣದ್ದೊಂದು ಮಚ್ಚೆ ಇರುತ್ತೆ. ಪಕ್ಕಕ್ಕೆ ನೋಡಿದ್ರೆ ಕಿವಿ ಕಾಣುತ್ತೆ, ಒಂಚೂರು ಗಲ್ಲ ಕಾಣುತ್ತೆ. ಹೋದ ತಿಂಗಳು ಮೂಗೂ ಕಾಣ್ತಿತ್ತು."



ಅವಳು ನಿಧಾನವಾಗಿ ಹೇಳಿದಳು, ಉಪ್ಪು ಮುಗಿದಿದೆ ಎಂದು ಹೇಳುವಷ್ಟು ಸಾದಾ ದನಿಯಲ್ಲಿ. ಕಣ್ಣಿನ ನಡುಭಾಗ ಸವೆಯುತ್ತ ಬಂದಿದೆಯಂತೆ. ಪೂರ್ತಿ ಕತ್ತಲೆಯಾಗುವುದಿಲ್ಲವಂತೆ, ಅಂಚು ಉಳಿಯುತ್ತದಂತೆ. ಬಿಸಿಲಿನಿಂದ ಒಳಗೆ ಬಂದರೆ ಮಾತ್ರ ಹತ್ತು ನಿಮಿಷ ಎಲ್ಲ ಒಂದೇ ಮಂಜು. ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ನಾದಿನಿ. ಗಡ್ಡದವರು ಮೇಷ್ಟ್ರು, ಕಣ್ಣು ಮಂಜಾದವರಿಗೆ ಮೆಟ್ಟಿಲು ಎಣಿಸಿ ಇಳಿಯುವುದನ್ನು, ಮುಟ್ಟಿ ಗುರುತು ಹಿಡಿಯುವುದನ್ನು ಕಲಿಸುತ್ತಾರೆ. ಮೆಟ್ಟಿಲು ಒಟ್ಟು ಇಪ್ಪತ್ತೊಂದು. ಮನೆಯನ್ನು ಬರಿದು ಮಾಡಿದ್ದು ಎಡವದಿರಲಿ ಎಂದು. ಗುಂಡಿ, ಗಂಟು ಎಲ್ಲ ಬೆರಳಿಗೆ.

"ಸ್ವೆಟರ್?" ಸಾಹೇಬರು ಕೇಳಿದರು.

"ಜಡೆ ಹೆಣಿಗೆ ಎಣಿಸೋಕೆ ನನ್ನಿಂದ ಆಗಲ್ಲ ಈಗ. ಆ ತೋಳು ನಿಮ್ಮ ತಂಗಿ ಮುಗಿಸಿಕೊಡ್ತೀನಿ ಅಂದ್ಲು. ಬರೋ ಚಳಿಗಾಲಕ್ಕೆ."

"ನನ್ನ ಅಂಗಿಗಳಿಗೆ ಒಂದು ಗುಂಡೀನೂ ಹಾಕಲಿಲ್ಲ ನೀನು."

ಅವಳಿಗೆ ನಗು ಬಂತು. "ನಿಮ್ಮ ಅಂಗಿಗೆ ಗುರುತು ಯಾಕೆ ರೀ, ಬೀರು ತೆಗೆದ್ರೆ ಸಾಕು, ಮೂಗಿಗೇ ಗೊತ್ತಾಗುತ್ತೆ. ಆರು ವರ್ಷ ಆಯ್ತು, ಇನ್ನೂ ಡೀಸೆಲ್ ವಾಸನೆ ಹೋಗಿಲ್ಲ."

ಸಾಹೇಬರು ನೆಲದ ಮೇಲೆ ಅವಳ ಪಕ್ಕ ಕೂತರು. ಮೂವತ್ತನಾಲ್ಕು ವರ್ಷ ಕಿಟಕಿಯಾಚೆ ನೋಡಿದವರನ್ನೆಲ್ಲ ಎಬ್ಬಿಸಿ ನಿಲ್ಲಿಸಿದ್ದು ನೆನಪಾಯಿತು. ಅವರಲ್ಲಿ ಎಷ್ಟು ಜನ ತಮ್ಮ ಮುಖ ನೋಡುವುದಕ್ಕೇ ಆ ಕಡೆ ನೋಡುತ್ತಿದ್ದರೋ. ಜೇಬಿನಿಂದ ಕರವಸ್ತ್ರ ತೆಗೆದು ಅವಳ ಅಂಗೈಗೆ ಸುತ್ತಿದರು. ಗಂಟು ಹಾಕುವುದಕ್ಕೆ ಬರದೆ ಮೂರು ಸಲ ಬಿಚ್ಚಿ ಕಟ್ಟಿದರು.

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಒಂದು ಲೋಟ ಎತ್ತೋಕೂ ಬಿಡ್ತಿರ್ಲಿಲ್ಲ ನೀವು. ದಿನಕ್ಕೆ ಹತ್ತು ಸಲ ಕಾಣ್ತಾ, ಕಾಣ್ತಾ ಅಂತ ಪರೀಕ್ಷೆ ಮಾಡ್ತಿದ್ರಿ. ಎಲ್ಲ ಕಲಿತ್ಮೇಲೆ ಹೇಳೋಣ ಅಂತಿದ್ದೆ." ಕರವಸ್ತ್ರದ ಗಂಟನ್ನು ಬೆರಳಿನಿಂದ ತಡವುತ್ತ ಹೇಳಿದಳು: "ಅದೂ ಅಲ್ಲದೆ ಭಯ. ನಿಮಗೂ ಭಯ ಆಗ್ಬಿಟ್ರೆ ನಾನು ಯಾರ ಹತ್ರ ಹೋಗ್ಲಿ?"

ಸಾಹೇಬರು ಸ್ವೆಟರನ್ನು ಮಡಚಿ ಚೀಲಕ್ಕೆ ಹಾಕಿದರು. ಏನಾದರೂ ಕೇಳಬೇಕೆಂದು ಕೇಳಿದರು. "ಇವತ್ತು ಇಷ್ಟು ಬೇಗ ಯಾಕೆ ಬಂದೆ?"

"ಕ್ಲಾಸಿಗೆ ಹೋಗ್ಲೇ ಇಲ್ಲ. ರಸ್ತೆ ದಾಟೋಕೆ ಆಗಲಿಲ್ಲ. ಅರ್ಧ ಗಂಟೆ ನಿಂತು ನಿಂತು ವಾಪಸ್ ಬಂದೆ."

"ಯಾಕೆ? ಬೇರೆ ವಾರ ದಾಟ್ತಿದ್ದೆಯಲ್ಲ."

"ಬೇರೆ ವಾರ ನೀವು ಹಿಂದೆ ಬರ್ತಿದ್ರಲ್ಲ," ಎಂದಳು ಅವಳು.

ಸಾಹೇಬರು ಅವಳನ್ನೇ ನೋಡಿದರು.

"ಎರಡು ಬೀದಿ ಆಚೆಯಿಂದಾನೂ ಗೊತ್ತಾಗುತ್ತೆ ರೀ ನಿಮ್ಮ ಚಪ್ಪಲಿ. ಮೊದಲನೇ ದಿನಾನೇ ಕೇಳಿಸ್ತು. ಅವತ್ತೇ ನಿಮ್ಮ ತಂಗಿಗೆ ಹೇಳ್ಬಿಟ್ಟೆ, ನೀನಿನ್ನು ಬರಬೇಡ, ನಿಮ್ಮಣ್ಣ ಇದ್ದಾರೆ ಅಂತ. ರಸ್ತೆ ಅಂಚಲ್ಲಿ ನಿಂತ್ಕೊಳೋದು, ಸರ್ರ್‌-ಟಪ್ ಅಂತ ಕೇಳಿದ ಮೇಲೆ ದಾಟೋದು. ಏನಾದ್ರೂ ಆದ್ರೆ ಕೂಗ್ತಾರೆ, ಓಡಿ ಬರ್ತಾರೆ ಅಂತ ಧೈರ್ಯ. ಇವತ್ತು ಎಷ್ಟು ಹೊತ್ತು ಕಾದ್ರೂ ಕೇಳಿಸಲೇ ಇಲ್ಲ."

ಯಾರಿಗೋ ಕಾಯುತ್ತಿದ್ದಳು ಎಂದು ಬರೆದು ಎರಡು ಗೆರೆ ಎಳೆದ ನೋಟ್‌ಬುಕ್ಕು ಸಾಹೇಬರ ಜೇಬಿನಲ್ಲೇ ಇತ್ತು. ಅವರು ಟೋಪಿ ತೆಗೆದು ಮುಖಕ್ಕೆ ಹಿಡಿದುಕೊಂಡರು. ಅವಳಿಗೆ ಕಾಣುವುದಿಲ್ಲ ಎಂಬುದು ಮರೆತೇ ಹೋಗಿತ್ತು. ಆದರೆ ಅವಳಿಗೆ ಕೇಳಿಸಿತು. ಕರವಸ್ತ್ರ ಸುತ್ತಿದ ಕೈಯನ್ನು ಅವರ ಬೆನ್ನ ಮೇಲಿಟ್ಟಳು.

ಮುಂದಿನ ಗುರುವಾರ ಹನ್ನೊಂದಕ್ಕೆ ಮುಂಚೆಯೇ ಸಾಹೇಬರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. ಟೋಪಿಯಿಲ್ಲ, ಪೇಪರಿಲ್ಲ. ಅವಳು ಹೊರಗೆ ಬಂದ ಕೂಡಲೇ ಮೊಣಕೈ ಹಿಡಿಯಲು ಹೋದರು. ಅವಳು ಕೈ ಬಿಡಿಸಿಕೊಂಡಳು.

"ಪಕ್ಕದಲ್ಲಿ ಬೇಡ ರೀ. ಪಕ್ಕದಲ್ಲಿದ್ರೆ ನಾನು ಕಲಿಯೋದೇ ಇಲ್ಲ. ಹಿಂದೆ ಬನ್ನಿ, ಯಾವಾಗಿನ ಹಾಗೆ."

"ಸರಿ. ಆಮೇಲೆ ಹಾಗೇ ಹೋಗಿ ಈ ಚಪ್ಪಲಿ ಒಂದು ಹೊಲಿಸ್ಕೊಂಡು ಬರ್ತೀನಿ."

"ಕೈ ಮುಗೀತೀನಿ, ಅದೊಂದು ಮಾಡಬೇಡಿ," ಎಂದು ಅವಳು ಗೋಡೆಯ ಬದಿ ಹಿಡಿದು ಹೊರಟಳು.

ಸಾಹೇಬರು ಇಪ್ಪತ್ತು ಹೆಜ್ಜೆ ಬಿಟ್ಟುಕೊಂಡರು. ದೊಡ್ಡ ರಸ್ತೆಯ ಅಂಚಿನಲ್ಲಿ ಅವಳು ನಿಂತು, ತಲೆಯನ್ನು ಒಂದು ಬದಿಗೆ ವಾಲಿಸಿದಳು. ಸಾಹೇಬರು ಎಡಗಾಲನ್ನು ಬೇಕಂತಲೇ ಇನ್ನೂ ಒಂಚೂರು ಜೋರಾಗಿ ಎಳೆದು ಹಾಕಿದರು.

ಅವಳು ದಾಟಿದಳು.